ಯಾರೂ ಬಂದು ನೋಡದ ಮನೆ

"ಹದಿನೆಂಟು ಲಕ್ಷ! ಓದು, ನಿನ್ನ ಕಣ್ಣಿಂದನ ಓದು!"

ಜಿನ್ನವ್ವ ಎಸೆದ ಹಾಳೆ, ಸೊಸೆ ದೀಪಾಲಿ ಹಸನು ಮಾಡುತ್ತಿದ್ದ ಜೋಳದ ಮೊರದ ಮೇಲೆ ಬಂದು ಬಿತ್ತು. ಮಗ ಅಭಿನಂದನ ಗೋಕಾಕದ ಇಂಟರ್‌ನೆಟ್ ಸೆಂಟರಿನಿಂದ ತಂದ ಪ್ರಿಂಟು ಅದು. ಊರು ಯಾವುದು, ಜಾಗ ಎಷ್ಟು ಅಡಿ, ಮನೆಗೆ ಎಷ್ಟು ವರ್ಷ ಎಂದು ತುಂಬಿದರೆ ಸಾಕು, ಕಂಪ್ಯೂಟರು ತಾನೇ ಮನೆಯ ಬೆಲೆ ಹೇಳಿಬಿಡುತ್ತಿತ್ತು. ಅಭಿನಂದನ ತುಂಬಿದ್ದು ಹುಕ್ಕೇರಿಯ ಮನೆಯನ್ನು, ಹೆಂಡತಿಯ ತವರುಮನೆಯನ್ನು!

"ಅದರಾಗ ಅರ್ಧ ನಿಂದು. ಘಟಪ್ರಭಾ ಸ್ಟೇಷನ್ ಬಾಜೂಕ ಅಂಗಡಿ ಮಾರಾಕ ಬಂದೈತಿ, ನನ್ನ ಮಗಾ ತಗೋತಾನ. ಪಾಲು ಕೊಡಂತ ನಿಮ್ಮಣ್ಣಗ ಹೇಳು."

"ಅತ್ತಿ, ಆ ಮನಿಗೆ ಅಷ್ಟ ಬೆಲಿ ಎಲ್ಲೈತ್ರಿ... ಪಡಸಾಲಿ ಬಿದ್ದು ನಾಕ ವರ್ಷಾತು..."

"ನೀ ಅಣ್ಣನ ಪರವಾಗಿ ಮಾತಾಡಾಕಿನ! ಕಂಪ್ಯೂಟರಿಗೇನ ತವರಮನಿ ಐತೇನ, ಸುಳ್ಳ ಹೇಳಾಕ?"

ಜಿನ್ನವ್ವನ ಹಟ ಬರೀ ದುರಾಸೆಯಾಗಿರಲಿಲ್ಲ. ಮೂಡಲಗಿಯ ತನ್ನ ತವರುಮನೆ ಮಾರಿದಾಗ ಅಣ್ಣಂದಿರು ಒಂದು ಸೀರೆ ಉಡಿಸಿ, ಹೆಬ್ಬೆಟ್ಟು ಒತ್ತಿಸಿಕೊಂಡು ಕಳಿಸಿದ್ದರು. ಎಷ್ಟಕ್ಕೆ ಮಾರಿದರೆಂದು ಅವಳಿಗೆ ಇಂದಿಗೂ ಗೊತ್ತಿಲ್ಲ. ಆ ಉರಿ ಅವಳ ಎದೆಯಲ್ಲಿ ಆರಿರಲಿಲ್ಲ... ಅದರ ಬಿಸಿ ತಟ್ಟಿದ್ದು ಮಾತ್ರ ಸೊಸೆಗೆ!

ದೀಪಾಲಿ ಅಣ್ಣ ಗೊಮ್ಮಟೇಶನಿಗೆ ಫೋನು ಮಾಡಿ, ಹಾಳೆಯ ಲೆಕ್ಕವನ್ನೂ ಅತ್ತೆಯ ಮಾತನ್ನೂ ಹೇಳಿದಳು. ಅವನು, "ಆಗಲಿ ತಂಗಿ. ನಿನ್ನ ಸಂಸಾರ ಕೆಡೋದು ಬ್ಯಾಡ," ಎಂದಷ್ಟೇ ಹೇಳಿ ಇಟ್ಟ. ಆ ಮಾತು ಅವಳನ್ನು ಬೈಗುಳಕ್ಕಿಂತ ಹೆಚ್ಚು ಸುಟ್ಟಿತು. ಮೂರನೆಯ ದಿನ ಗಂಡನಿಗೆ ಬುತ್ತಿ ಕಟ್ಟುತ್ತ ಕೇಳಿದಳು:

"ರೀ, ಆ ಕಂಪ್ಯೂಟರಿನ್ಯಾಗ ಈ ನಮ್ಮ ಮನೀದೂ ಒಮ್ಮೆ ನೋಡಿಸಿಕೊಂಡ ಬರ್ರಿ."

ಸಂಜೆ ಅಭಿನಂದನ ಇನ್ನೊಂದು ಹಾಳೆ ತಂದ. ತಾಯಿಯ ಮುಂದೆ ಓದಲು ಅವನಿಗೆ ಧೈರ್ಯ ಬರಲಿಲ್ಲ. ದೀಪಾಲಿಯೇ ಓದಿದಳು. "ಆರು ಲಕ್ಷ ಇಪ್ಪತ್ತು ಸಾವಿರ ಅಂತ್ರಿ."

"ಏನಂದಿ?" ಜಿನ್ನವ್ವ ದಿಗ್ಗನೆದ್ದಳು. "ಆರು ಲಕ್ಷ? ನಿಮ್ಮ ಮಾವ ನಿಂತು ಕಟ್ಟಿಸಿದ ಮನಿ ಇದು! ಕಂಬ ಎಲ್ಲಾ ಸಾಗವಾನಿ, ಹಿತ್ತಲದಾಗ ಸಿಹಿನೀರಿನ ಬಾವಿ... ಅದಕ್ಕೇನ ಗೊತ್ತು? ಅದೇನ ಇಲ್ಲಿ ಬಂದು ನೋಡೇತೇನ?"

ದೀಪಾಲಿ ತಲೆ ತಗ್ಗಿಸಲಿಲ್ಲ.

"ಹುಕ್ಕೇರಿ ಮನೀನೂ ಅದು ಬಂದು ನೋಡಿಲ್ಲರಿ, ಅತ್ತಿ."

ಅಭಿನಂದನ ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ಕೊನೆಗೆ ಜಿನ್ನವ್ವ, "ನಾಳೆ ಮುಂಜಾನಿ ಬಸ್ಸಿಗೆ ನಡೀರಿ. ನಾನ ನೋಡತೇನಿ. ನೀ ಹೇಳಿದ್ದು ಸುಳ್ಳಾತಂದ್ರ, ದೀಪಾಲಿ, ನೀ ಅಲ್ಲೇ ಇರಬೇಕಾಗತೈತಿ!" ಎಂದಳು.

ಮಗನ ಮದುವೆಯಾದ ಮೇಲೆ ಜಿನ್ನವ್ವ ಬೀಗರ ಹೊಸ್ತಿಲು ತುಳಿದದ್ದು ಅದೇ ಮೊದಲು. ತಲೆಬಾಗಿಲು ಗಟ್ಟಿಯಾಗಿತ್ತು, ಅದನ್ನು ದಾಟಿದರೆ ಆಕಾಶ! ಪಡಸಾಲೆಯ ಮಣ್ಣುಗುಡ್ಡೆಯ ಮೇಲೆ ಹುಲ್ಲು ಬೆಳೆದಿತ್ತು. ಸೋರದ ಕೋಣೆ ಒಂದೇ ಉಳಿದಿತ್ತು. ಅಲ್ಲಿ ಮಂಚದ ಮೇಲೆ ದೀಪಾಲಿಯ ತಾಯಿ ಸುಂದ್ರವ್ವ, ಲಕವಾ ಹೊಡೆದ ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಅರಿವೆಯ ಗಂಟು ಕಟ್ಟಿ ಇಟ್ಟಿತ್ತು.

"ಎಲ್ಲಿಗೆ ಹೊಂಟೀರಿ, ಬೀಗತಿ?" ಎಂದಳು ಜಿನ್ನವ್ವ.

ಗೊಮ್ಮಟೇಶ ಉತ್ತರ ಕೊಟ್ಟ. "ಬಾಡಿಗಿ ಖೋಲಿಗ್ರಿ, ಅವ್ವಾರ. ಜಾಗಾ ನೋಡಿದವರು ನಾಕ ಲಕ್ಷದ ಮ್ಯಾಲ ಏರವಲ್ರು. ಸೋಮವಾರ ಬರತಾರ. ಅರ್ಧ ತಂಗಿದು. ಖರೆ, ಹದಿನೆಂಟು ಲಕ್ಷದ ಅರ್ಧ ನಾ ಎಲ್ಲಿಂದ ತರ್ಲಿರಿ..."

"ಅಣ್ಣಾ! ನನಗ ಬ್ಯಾಡೋ!" ದೀಪಾಲಿ ಗೋಡೆಗೆ ಆತು ಬಿಕ್ಕಿದಳು. "ಅವ್ವನ್ನ ಹೊರಗ ಹಾಕಿ ನಾ ಯಾವ ಅಂಗಡಿ ತಗೊಳ್ಳಿ?"

ಜಿನ್ನವ್ವ ಸುತ್ತಲೂ ಒಮ್ಮೆ ನೋಡಿದಳು. ಸೊಸೆಯ ಮೇಲೆ ಸಿಟ್ಟಾಗಲು ಅವಳಿಗೆ ಏನೂ ಸಿಗಲಿಲ್ಲ. ಮೆಲ್ಲಗೆ ಹೋಗಿ ಮಂಚದ ತುದಿಗೆ ಕೂತಳು.

"ದೀಪಾಲಿ ಹೆಸರು ಕಾಗದದಾಗ ಇರಲಿ. ಅದನ್ನ ನಾ ಬಿಡಾಕಿ ಅಲ್ಲ," ಎಂದಳು. ದನಿ ಒಡೆಯಿತು. "ಆದರ ಸುಂದ್ರವ್ವ ಇರೂತನಕ ಈ ಮನಿ ಮಾರಬ್ಯಾಡ್ರಿ. ಸೋಮವಾರ ಬರವರಿಗೆ ಬ್ಯಾಡಂತ ಹೇಳು, ಗೊಮ್ಮಟೇಶ."

ಸುಂದ್ರವ್ವ ಮಗುವಿನಂತೆ ಕೇಳಿದಳು: "ಹಂಗಾರ... ಗಂಟು ಬಿಚ್ಚಲೇನ್ರಿ?"

ಒಂದೇ ಕೈಯಲ್ಲಿ ಅವಳಿಗೆ ಬಿಚ್ಚಲಾಗಲಿಲ್ಲ. ಜಿನ್ನವ್ವ ಗಂಟನ್ನು ತನ್ನ ತೊಡೆಗೆ ಎಳೆದುಕೊಂಡಳು. ಬಿಗಿಯಾಗಿತ್ತು. ಬೆರಳಿಗೆ ಬಗ್ಗದಾಗ ಹಲ್ಲಿನಿಂದ ಕಚ್ಚಿ ಎಳೆದಳು. ಕಣ್ಣೀರು ಅರಿವೆಯ ಮೇಲೆ ಬೀಳುತ್ತಿತ್ತು. ಅದನ್ನು ಒರೆಸಿಕೊಳ್ಳದೆ, ಒಂದೊಂದೇ ಸೀರೆ ತೆಗೆದು ಬೀಗತಿಯ ಮಂಚದ ಮೇಲೆ ಮಡಚಿ ಇಡತೊಡಗಿದಳು.