ಕಾಲೊಳಗಿನ ಪ್ಲೇಟು

"ಇಲ್ಲಿ ಮುಟ್ಟು. ಗಟ್ಟಿ ಇದೆಯಲ್ಲ? ಅದೇ ಸ್ಟೀಲ್ ಪ್ಲೇಟು," ಎಂದಳು ಹೂವಿ.

ಹೇರಂಬ ಅವಳ ಮೊಣಕಾಲಿನ ಕೆಳಗೆ ಬೆರಳಿಟ್ಟು, ಹೆದರಿ ಕೈ ಹಿಂದೆ ತೆಗೆದ. ಕೋಣಂದೂರು ಶಾಲೆಯ ಜಗಲಿಯಲ್ಲಿ ಐದನೇ ಕ್ಲಾಸಿನ ಮಕ್ಕಳೆಲ್ಲ ಅವಳ ಸುತ್ತ ಕೂತಿದ್ದರು.

"ಕಾಲು ಹೆಂಗೆ ಮುರೀತು, ಇನ್ನೊಂದ್ಸಲ ಹೇಳೇ."

"ಅಪ್ಪಯ್ಯ ಇಳಿಜಾರಲ್ಲಿ ಸೈಕಲ್ ಬಿಟ್ಟಿದ್ದು ನೀವು ನೋಡ್ಬೇಕಿತ್ತು. ಬ್ರೇಕ್ ಹಿಡಿದ್ರೂ ನಿಲ್ಲಲಿಲ್ಲ. ನಾನು ಚರಂಡೀಲಿ, ಸೈಕಲ್ ನನ್ನ ಮೇಲೆ, ಅಪ್ಪಯ್ಯ ಬೇಲಿ ಮೇಲೆ."

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ಹೂವಿಯೇ ನಕ್ಕಳು.

ನಗು ನಿಂತಾಗ ನೋಡಿದರೆ, ಮೆಟ್ಟಿಲ ಹತ್ತಿರ ಅಪ್ಪಯ್ಯ ನಿಂತಿದ್ದ. ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲು ಬಂದಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ.

"ಬಸ್ಸಿಗೆ ಹೊತ್ತಾಯ್ತು, ಬಾ," ಎಂದ ಅಷ್ಟೆ.

ತೀರ್ಥಹಳ್ಳಿಗೆ ಹೋಗಿ, ಅಲ್ಲಿಂದ ಆಗುಂಬೆ ಘಾಟಿ ಇಳಿದು ಮಂಗಳೂರಿಗೆ ಹೋಗಬೇಕಿತ್ತು. ಘಾಟಿಯ ತಿರುವುಗಳಲ್ಲಿ ಬಸ್ಸು ವಾಲಿದಾಗೆಲ್ಲ ಅಪ್ಪಯ್ಯ ಒಂದು ಕೈಯಲ್ಲಿ ಮುಂದಿನ ಸೀಟಿನ ಕಂಬಿ ಹಿಡಿಯುತ್ತಿದ್ದ, ಇನ್ನೊಂದು ಕೈಯನ್ನು ಹೂವಿಗೆ ಅಡ್ಡ ಇಡುತ್ತಿದ್ದ.

ಮಾರನೇ ದಿನ ಡಾಕ್ಟರು ಎಕ್ಸ್‌ರೇ ಫಿಲಮನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಎಲುಬು ಚೆನ್ನಾಗಿ ಕೂಡಿದೆ. ಪ್ಲೇಟು ಹಾಗೇ ಬಿಟ್ಟರೂ ತೊಂದರೆ ಇಲ್ಲ. ಆದರೆ ಬೆಳೆಯುವ ಮಗು. ತೆಗೆಯುವುದಾದರೆ ಈಗಲೇ ಒಳ್ಳೆಯದು, ಆಮೇಲೆ ಎಲುಬು ಅದರ ಮೇಲೆ ಬೆಳೆದರೆ ಕಷ್ಟ. ನೋವು ಉಂಟಾ?"

ಹೂವಿ ಇಲ್ಲವೆಂದು ತಲೆಯಾಡಿಸಿದಳು. ಮತ್ತೆ ಕೊಯ್ಯುತ್ತಾರೆ. ಮತ್ತೆ ಮೂಗಿನ ಮೇಲೆ ಪ್ರಜ್ಞೆ ತಪ್ಪಿಸುವ ಆ ಕೆಟ್ಟ ವಾಸನೆಯ ಮಾಸ್ಕು ಇಡುತ್ತಾರೆ.

"ತೆಗೆದ್ರೆ ಮೊದಲಿನ ಹಂಗೇ ಆಗುತ್ತಾ, ಡಾಕ್ಟ್ರೇ?" ಅಪ್ಪಯ್ಯ ಕೇಳಿದ.

"ಕಾಲು ಸರಿಯಾಗುತ್ತದೆ. ಗಾಯದ ಗೆರೆ ಹೋಗುವುದಿಲ್ಲ. ಯೋಚನೆ ಮಾಡಿ ಹೇಳಿ," ಎಂದು ಡಾಕ್ಟರು ವಾರ್ಡಿಗೆ ಹೋದರು.

ಇಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತರು.

"ಏನ್ಮಾಡಣ, ಅಪ್ಪಯ್ಯ?"

"ನೀನೇ ಹೇಳು."

"ನಂಗೆ ಗೊತ್ತಾಗಲ್ಲ. ನೀನು ಹೇಳು."

ಅಪ್ಪಯ್ಯ ನೆಲ ನೋಡುತ್ತ ಮೆಲ್ಲಗೆ ಹೇಳಿದ, "ಅವತ್ತು ಇಳಿಜಾರು ಬಂದಾಗ, ಹೆದರಿಕೆ ಆಗುತ್ತೆ, ಇಳಿದು ನಡ್ಕೊಂಡು ಬರ್ತೀನಿ ಅಂದಿದ್ದೆ ನೀನು. ಏನಾಗಲ್ಲ, ಸುಮ್ನೆ ಕೂತ್ಕೋ ಅಂದೆ ನಾನು. ಇದನ್ನೂ ನಾನೇ ಹೆಂಗೆ ಹೇಳ್ಲಿ, ಹೂವಿ?"

ಹೂವಿಗೆ ಅದು ಮರೆತೇಹೋಗಿತ್ತು. ಕತೆ ಹೇಳುವಾಗ ಒಂದು ಸಲವೂ ನೆನಪಾಗಿರಲಿಲ್ಲ.

ಅಪ್ಪಯ್ಯ ಟೈಲರ್. ಹೊಲಿದ ಬಟ್ಟೆಗಳನ್ನು ಸುತ್ತಲಿನ ಹಳ್ಳಿಗಳಿಗೆ ಸೈಕಲ್ಲಿನ ಮೇಲೆ ತಲುಪಿಸುತ್ತಿದ್ದ. ಈಗೊಂದು ವರ್ಷದಿಂದ ಗಂಟು ಹೊತ್ತು ನಡೆದೇ ಹೋಗುತ್ತಿದ್ದ. ಸೈಕಲ್ ರಿಪೇರಿ ಆಗಿಲ್ಲ ಎಂದೇ ಅವಳು ತಿಳಿದಿದ್ದಳು. ಶಾಲೆಯ ಜಗಲಿಯಲ್ಲಿ ಮಕ್ಕಳೆಲ್ಲ ನಕ್ಕಿದ್ದು ನೆನಪಾಗಿ ಅವಳ ಕಿವಿ ಬಿಸಿಯಾಯಿತು.

"ಅಪ್ಪಯ್ಯ, ಕೆಳಗೆ ಕೂತು ಏಳೋವಾಗ ನೋವಾಗುತ್ತೆ. ಡಾಕ್ಟ್ರಿಗೆ ಸುಳ್ಳು ಹೇಳ್ದೆ. ತೆಗೆಸಿಬಿಡಣ."

"ಹೆದರಿಕೆ ಆಗಲ್ವಾ?"

"ಆಗುತ್ತೆ. ನೀನು ಇಲ್ಲೇ ಇರ್ತೀಯಲ್ಲ?"

"ಇಲ್ಲೇ ಇರ್ತೀನಿ."

ಆಪರೇಷನ್ ಮುಗಿದು ಅವಳಿಗೆ ಎಚ್ಚರವಾದಾಗ ಬಾಯಿ ಒಣಗಿತ್ತು. ಕಾಲು ಉರಿಯುತ್ತಿತ್ತು. ಅಪ್ಪಯ್ಯ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತಿದ್ದ.

"ತುಂಬಾ ನೋವಾ?"

"ಸ್ವಲ್ಪ," ಎಂದಳು. ಅಪ್ಪಯ್ಯ ನಂಬಲಿಲ್ಲ ಎಂದು ಅವಳಿಗೆ ಗೊತ್ತಾಯಿತು.

ಅವನ ಅಂಗೈಯಲ್ಲಿ ನರ್ಸಮ್ಮ ಕೊಟ್ಟ ಬಿಳಿ ಬಟ್ಟೆಯ ಸಣ್ಣ ಪೊಟ್ಟಣವಿತ್ತು. ಅದರೊಳಗೆ ತೂತು ತೂತಾದ ಪ್ಲೇಟು, ಸ್ಕ್ರೂಗಳು. ಅಪ್ಪಯ್ಯ ಪ್ಲೇಟಿನ ಮೇಲೆ ಹೆಬ್ಬೆರಳು ಆಡಿಸಿದ.

"ಇಷ್ಟುದ್ದ ಇತ್ತಾ," ಎಂದ, ತನಗೆ ತಾನೇ ಹೇಳಿಕೊಂಡಂತೆ.

ಅದನ್ನು ಕ್ಲಾಸಿಗೆ ಒಯ್ದು ತೋರಿಸಬೇಕು ಎಂದು ಹೂವಿ ಬಸ್ಸಿನಲ್ಲಿ ಅಂದುಕೊಂಡಿದ್ದಳು.

"ಇಲ್ಲೇ ಬಿಟ್ಟು ಹೋಗಣ, ಅಪ್ಪಯ್ಯ. ನಂಗೆ ಬೇಡ."

ಅಪ್ಪಯ್ಯ ಬಟ್ಟೆಯನ್ನು ಮತ್ತೆ ಮಡಿಸಿ, ಅಂಗಿಯ ಜೇಬಿನೊಳಗೆ ಇಟ್ಟುಕೊಂಡ.

"ನನ್ನ ಹತ್ರ ಇರ್ಲಿ," ಎಂದ.

ಹೂವಿ ಹೊದಿಕೆಯಿಂದ ಕೈ ಹೊರಗೆ ತೆಗೆದು ಅವನ ಮಣಿಕಟ್ಟಿನ ಮೇಲೆ ಇಟ್ಟಳು. ಅಪ್ಪಯ್ಯ ಕೈ ಅಲುಗಿಸದೆ ಹಾಗೇ ಕೂತಿದ್ದ.