ಎಡದಿಂದ ಓವರ್‌ಟೇಕ್

ಕಾರು ಎಡಕ್ಕೆ ತಿರುಗುವುದರಲ್ಲಿತ್ತು. ಇಂಡಿಕೇಟರ್ ಮಿನುಗುತ್ತಿತ್ತು. ಸ್ಟೀರಿಂಗ್ ಹಿಡಿದಿದ್ದ ಕಾಲೇಜು ಹುಡುಗಿ ಉಸಿರು ಬಿಗಿಹಿಡಿದಿದ್ದಳು. ಅಷ್ಟರಲ್ಲಿ ಕಾರಿಗೂ ಫುಟ್‌ಪಾತಿಗೂ ನಡುವಿನ ಸಂದಿಯಲ್ಲಿ ಒಂದು ಸೈಕಲ್ ಸರ್ರನೆ ನುಗ್ಗಿತು.

ಪಕ್ಕದ ಸೀಟಿನಲ್ಲಿದ್ದ ಮೇಡಂ ತನ್ನ ಕಾಲಡಿಯ ಬ್ರೇಕ್ ಒತ್ತಿದಳು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರಿಗೂ ಒಂದು ಬ್ರೇಕ್ ಇರುತ್ತದೆ. ಕಾರು ನಿಂತಿತು. ಸೈಕಲ್ ಸವಾರನೂ ಬೆಚ್ಚಿ ಕಾಲೂರಿ ನಿಂತ. ಹ್ಯಾಂಡಲಿಗೆ ನೇತುಹಾಕಿದ್ದ ಚೀಲದ ತುಂಬ ಪುಸ್ತಕ.

"ಎಡಕ್ಕೆ ತಿರುಗ್ತೀವಿ ಅಂತ ಲೈಟ್ ಹಾಕಿದ್ದೀವಿ. ಅದೇ ಎಡಗಡೆಯಿಂದ ನುಗ್ತೀರಲ್ಲ, ಕಣ್ಣು ಎಲ್ಲಿತ್ತು ನಿಮ್ಮದು?" ಎಂದು ಮೇಡಂ ಗದರಿದಳು.

"ಜಾಗ ಇತ್ತು, ಅದಕ್ಕೆ..."

"ಜಾಗ ಇದ್ದ ಕಡೆಯೆಲ್ಲ ತೂರೋದಲ್ಲ. ಓವರ್‌ಟೇಕ್ ಮಾಡೋದು ಬಲಗಡೆಯಿಂದ, ಮುಂದಿನವರಿಗೆ ನೀವು ಕಾಣಿಸೋ ಹಾಗೆ. ಗೊತ್ತಿಲ್ಲದಿದ್ರೆ ಯಾರ ಹತ್ರನಾದ್ರೂ ಹೋಗಿ ಕಲ್ತ್ಕೊಳ್ಳಿ."

ಅವನು ಕಾರಿನ ಬಾಗಿಲ ಮೇಲಿದ್ದ ಸ್ಕೂಲಿನ ವಿಳಾಸವನ್ನು ಓದಿದ. ಆಮೇಲೆ ಅವಳ ಸಿಟ್ಟಿನ ಮುಖವನ್ನು ನೋಡಿದ. "ಆಯ್ತು ಮೇಡಂ," ಎಂದು ಹೊರಟುಹೋದ.

ಸೋಮವಾರ ಬೆಳಿಗ್ಗೆ ಅವನು ಸ್ಕೂಲಿನ ಬಾಗಿಲಲ್ಲಿ ನಿಂತಿದ್ದ.

"ಕಲ್ತ್ಕೊಳ್ಳಿ ಅಂದ್ರಿ. ಬಂದಿದ್ದೀನಿ."

ಸ್ಕೂಲಿನ ಯಜಮಾನರಾದ ಅವಳ ಅಪ್ಪ ಪತ್ರಿಕೆಯ ಮರೆಯಲ್ಲಿ ನಕ್ಕರು.

ಅವನು ಊರಿನ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದ. ಪುಸ್ತಕ ತುಂಬಿಕೊಂಡು ದೂರದ ಬಡಾವಣೆಗಳಿಗೆ ಹೋಗುವ ವ್ಯಾನೊಂದು ಅಲ್ಲಿತ್ತು. ಅದರ ಡ್ರೈವರ್ ನಿವೃತ್ತರಾದ ಮೇಲೆ ಬೇರೆಯವರನ್ನು ನೇಮಿಸಿರಲಿಲ್ಲ. ಬೇಸಿಗೆಯೊಳಗೆ ಓಡಿಸುವವರು ಸಿಗದಿದ್ದರೆ ವ್ಯಾನನ್ನು ಮಾರಿಬಿಡುತ್ತೇವೆ ಎಂದು ಮೇಲಿನವರು ಹೇಳಿದ್ದರು. ಅಷ್ಟು ದಿನ ಅವನೇ ಸೈಕಲ್ ಮೇಲೆ ಒಂದೊಂದು ಚೀಲ ಪುಸ್ತಕ ಹೊತ್ತು ತಿರುಗುತ್ತಿದ್ದ.

"ಒಂದು ಬಡಾವಣೇಲಿ ಒಬ್ಬರು ಅಜ್ಜಿ ಇದಾರೆ. ಅವರ ಕೈಲಿ ಪತ್ತೇದಾರಿ ಕಾದಂಬರಿ ಅರ್ಧಕ್ಕೆ ನಿಂತಿತ್ತು. ಎರಡನೇ ಭಾಗ ತಲುಪಿಸೋಕೆ ಅವತ್ತು ಓಡ್ತಿದ್ದೆ," ಎಂದ.

ಅವಳಿಗೆ ನಗು ಬಂತು. ತೋರಿಸಲಿಲ್ಲ.

ಊರಿನಲ್ಲಿ ಅವಳನ್ನು ಎಲ್ಲರೂ ಕನ್ನಡಿ ಮೇಡಂ ಎನ್ನುತ್ತಿದ್ದರು. ಮಾತೆತ್ತಿದರೆ "ಕನ್ನಡಿ ನೋಡಿ" ಎನ್ನುವುದು ಅವಳ ರೂಢಿ. ಬೇರೆ ಸ್ಕೂಲಿನ ಗಂಡಸರು ಆ ಹೆಸರನ್ನು ಗೇಲಿಗೆಂದು ಇಟ್ಟಿದ್ದರು. ಅವಳು ಅದನ್ನು ಬಿರುದಿನ ಹಾಗೆ ಇಟ್ಟುಕೊಂಡಿದ್ದಳು. ಅವಳ ಕೈಯಲ್ಲಿ ಕಲಿತವರು ಟೆಸ್ಟಿನಲ್ಲಿ ಫೇಲಾದದ್ದಿಲ್ಲ.

"ಎಡಗಡೆ ಲೇನ್ ನಿಮ್ಮ ಮನೆ. ಬಲಗಡೆದು ಅಂಗಡಿ. ಕೆಲಸ ಇದ್ದಾಗ ಹೋಗಿ, ಮುಗಿದ ತಕ್ಷಣ ಮನೆಗೆ ಬನ್ನಿ," ಎಂದು ಪಾಠ ಶುರು ಮಾಡಿದಳು.

"ಅಂಗಡೀಲೇ ಸಂಸಾರ ಹೂಡಿರೋರು ಬಹಳ ಜನ ಇದಾರಲ್ಲ ಮೇಡಂ."

"ಅವರ ಸಂಸಾರ ನಮಗೆ ಬೇಡ. ಓವರ್‌ಟೇಕ್ ಮಾಡೋ ಮುಂಚೆ ಏನು ನೋಡ್ತೀರಿ?"

"ಎದುರುಗಡೆ ರಸ್ತೆ. ಹಿಂದೆ ಬರ್ತಿರೋರು."

"ಆಮೇಲೆ?"

"ಇಂಡಿಕೇಟರ್ ಹಾಕಿ ಹೋಗೋದು."

"ಅಲ್ಲ. ವಾಪಸ್ ಬರೋಕೆ ಜಾಗ ಇದೆಯಾ ನೋಡಬೇಕು. ಹೋಗೋದು ಎಲ್ಲರಿಗೂ ಬರುತ್ತೆ."

ಅವನು ಬೇಗ ಕಲಿತ. ಒಂದೇ ಒಂದು ತಕರಾರು. ಎಡಗಡೆಯ ಕನ್ನಡಿಯನ್ನು ನೋಡಬೇಕಾದರೆ ಅವಳ ಮುಖವನ್ನು ಹಾದೇ ನೋಡಬೇಕು. ಅವನ ನೋಟ ಹೋಗುವಾಗ ಸರಿಯಾಗಿಯೇ ಹೋಗುತ್ತಿತ್ತು. ಬರುವಾಗ ಅವಳ ಕಿವಿಯ ಹತ್ತಿರ, ಗಾಳಿಗೆ ಹಾರುವ ಕೂದಲಿನ ಹತ್ತಿರ ತುಸು ತಡೆಯುತ್ತಿತ್ತು.

"ಎಡಗನ್ನಡಿ ಎಷ್ಟು ಸಲ ನೋಡ್ತೀರಿ?"

"ಜಾಸ್ತಿ ನೋಡಿದ್ರೆ ತಪ್ಪಿಲ್ಲ ಅಂತ ನೀವೇ ಹೇಳಿದ್ದು."

ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಆ ಕನ್ನಡಿಯಲ್ಲಿ ಅವಳ ನಗುವೇನಾದರೂ ಕಂಡಿತೋ ಏನೋ, ಅವನು ಮಾತ್ರ ರಸ್ತೆ ನೋಡಿಕೊಂಡು ಸಣ್ಣಗೆ ಶಿಳ್ಳೆ ಹಾಕಿದ.

ಹೆದ್ದಾರಿಯ ಪಾಠದ ದಿನ ಮುಂದೆ ಮರಳಿನ ಲಾರಿಯೊಂದು ತೆವಳುತ್ತಿತ್ತು. ರಸ್ತೆ ನೇರ, ಎದುರಿಗೆ ಖಾಲಿ. ಅವನು ಕನ್ನಡಿ ನೋಡಿದ, ಸೂಚನೆ ಕೊಟ್ಟ, ಬಲಕ್ಕೆ ಬಂದ. ಎಲ್ಲವೂ ಸರಿಯಾಗಿತ್ತು. ಲಾರಿಯ ದೊಡ್ಡ ಚಕ್ರಗಳು ಪಕ್ಕಕ್ಕೆ ಬಂದವು. ಅವಳ ಕಾಲು ತಾನಾಗಿ ಬ್ರೇಕ್ ಒತ್ತಿತು. ಕಾರು ಜಗ್ಗಿತು. ಅವನು ಗಾಬರಿಯಾಗದೆ ಮತ್ತೆ ಲಾರಿಯ ಹಿಂದಕ್ಕೆ ಬಂದು ಸೇರಿಕೊಂಡ.

"ಎದುರಿಗೆ ಏನೂ ಇರ್ಲಿಲ್ಲ ಮೇಡಂ. ನಾನೇನು ತಪ್ಪು ಮಾಡಿದೆ?"

"ಇವತ್ತಿಗೆ ಸಾಕು, ಸ್ಕೂಲಿಗೆ ಹೋಗೋಣ," ಎಂದಳು.

ಸಂಜೆ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತ ಅಪ್ಪನಿಗೆ ಹೇಳಿದಳು. "ನಾಳೆಯಿಂದ ಆ ಲೈಬ್ರರಿಯವರಿಗೆ ನೀವು ಕಲಿಸಿ ಅಪ್ಪಾ."

"ಯಾಕಮ್ಮ, ಕಲಿಯಲ್ವಾ?"

"ಅವರು ಚೆನ್ನಾಗೇ ಕಲೀತಿದಾರೆ. ನಾನೇ ಕಲಿಸ್ತಿಲ್ಲ. ಲಾರಿ ಪಕ್ಕದಲ್ಲಿ ಇರೋವಾಗ ಸುಮ್‌ಸುಮ್ನೆ ಬ್ರೇಕ್ ಹಾಕಿದೆ. ಭಯ ಆಯ್ತು."

"ನಿನಗೆ? ಭಯ?"

ಅವಳು ಇನ್ನೊಂದು ಈರುಳ್ಳಿ ಎತ್ತಿಕೊಂಡಳು. ಅಪ್ಪ ಅವಳನ್ನೇ ನೋಡುತ್ತಿದ್ದರು. ಆಮೇಲೆ "ಸರಿ, ನಾನು ನೋಡ್ಕೋತೀನಿ," ಎಂದರು.

ಮರುದಿನ ಅವನು ನೇರ ಅವಳ ಮೇಜಿನ ಮುಂದೆ ಬಂದು ನಿಂತ. ಮುಖ ಕೆಂಪಗಾಗಿತ್ತು.

"ನಿಮ್ಮ ಹತ್ರ ಕಲಿತೋರು ಯಾರೂ ಫೇಲ್ ಆಗಿಲ್ವಂತೆ. ನಾನು ಆಗಿಬಿಡ್ತೀನಿ, ನಿಮ್ಮ ಹೆಸರು ಕೆಡುತ್ತೆ ಅಂತ ಕೈ ತೊಳ್ಕೊಂಡ್ರಾ?"

ಅವಳ ಗಂಟಲವರೆಗೆ ನಿಜ ಬಂತು. ಹೇಳಿದರೆ ಅವನ ಮನಸ್ಸು ಪಾಠದಲ್ಲಿ ನಿಲ್ಲುವುದಿಲ್ಲ ಎಂದು ನುಂಗಿಕೊಂಡಳು. "ಏನು ಬೇಕಾದ್ರೂ ಅಂದ್ಕೊಳ್ಳಿ. ಪಾಸ್ ಮಾಡಿ ತೋರಿಸಿ," ಎಂದಳು.

"ತೋರಿಸ್ತೀನಿ," ಎಂದ ಅವನು. ಆಮೇಲೆ ಅವಳ ಜೊತೆ ಮಾತಾಡಲಿಲ್ಲ. ಪಾಠಕ್ಕೆ ಬರುವಾಗ ಹೋಗುವಾಗ ಗೋಡೆಯ ಮೇಲಿನ ಸಂಚಾರ ಚಿಹ್ನೆಗಳನ್ನು ನೋಡುವನು, ಅವಳನ್ನು ನೋಡುವುದಿಲ್ಲ. ಅದು ಅವಳಿಗೆ ಚುಚ್ಚುತ್ತಿತ್ತು. ಆದರೂ ಊಟಕ್ಕೆ ಕೂತಾಗ ಅಪ್ಪ "ಇವತ್ತು ಏನು ಚೆನ್ನಾಗಿ ಓಡಿಸಿದ ಅಂತೀಯ," ಎಂದರೆ ತಟ್ಟೆ ನೋಡುತ್ತಲೇ ಹಿಗ್ಗುತ್ತಿದ್ದಳು.

ಟೆಸ್ಟಿನ ದಿನ ಮೈದಾನದ ತುಂಬ ಕಲಿಯುವವರು, ಕಲಿಸುವವರು. ಅವಳು ಅಪ್ಪನ ಪಕ್ಕದಲ್ಲಿ ನಿಂತಿದ್ದಳು. ಪರೀಕ್ಷಕರನ್ನು ಕೂರಿಸಿಕೊಂಡು ಅವನು ಹೊರಟ ಕಾರು ಎಷ್ಟು ಹೊತ್ತಾದರೂ ಬರಲಿಲ್ಲ.

"ಕನ್ನಡಿ ಮೇಡಂ, ನಿಮ್ಮೋರು ದಾರಿ ತಪ್ಪಿದ್ರೋ ಏನೋ," ಎಂದು ಬೇರೆ ಸ್ಕೂಲಿನವನೊಬ್ಬ ಹಲ್ಲು ಕಿರಿದ.

"ಅವರು ದಾರಿ ತಪ್ಪೋರಲ್ಲ," ಎಂದಳು ಅವಳು.

ಕೊನೆಗೆ ಕಾರು ಬಂದು ನಿಂತಿತು. ದಪ್ಪ ದೇಹದ ಪರೀಕ್ಷಕರು ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತ ಇಳಿದರು.

"ತಿರುವಿನ ಹತ್ರ ಒಂದು ಟ್ರ್ಯಾಕ್ಟರ್ ಹಿಂದೆ ಸಿಕ್ಕಿಹಾಕ್ಕೊಂಡ್ವಿ. ಹಿಂದಿನೋರೆಲ್ಲ ಒಂದೇ ಸಮ ಹಾರ್ನ್. ನನಗೂ ತಡೀಲಿಲ್ಲ, ದಾಟಿ ಹೋಗ್ರಿ ಅಂದೆ. ಇವರು ಏನಂದ್ರು ಗೊತ್ತಾ? ‘ರಸ್ತೆ ನಡುವಿನ ಬಿಳಿ ಗೆರೆ ತುಂಡು ತುಂಡಾಗಿಲ್ಲ ಸರ್, ತಿರುವಿನ ಆಚೆ ಕಾಣ್ತಿಲ್ಲ. ಫೇಲ್ ಮಾಡಿದ್ರೂ ಸರಿ, ಇಲ್ಲಿ ದಾಟಲ್ಲ’ ಅಂದ್ರು. ನೇರ ರಸ್ತೆ ಬಂದ ಮೇಲೆ ಎಷ್ಟು ನಯವಾಗಿ ದಾಟಿ ಎಡಕ್ಕೆ ಬಂದ್ರು ಅಂದ್ರೆ, ನನಗೆ ಗೊತ್ತೇ ಆಗ್ಲಿಲ್ಲ. ಪಾಸು. ಯಾರು ಕಲಿಸಿದ್ದು ಇವರಿಗೆ?"

"ಕನ್ನಡಿ ಮೇಡಂ," ಎಂದ ಅವನು ಇಡೀ ಮೈದಾನಕ್ಕೆ ಕೇಳುವ ಹಾಗೆ.

"ಹೌದು, ನಾನು ಪಕ್ಕದಲ್ಲಿ ಕೂತಿದ್ದೆ ಅಷ್ಟೇ. ಕಲಿಸಿದ್ದು ನನ್ನ ಮಗಳು," ಎಂದರು ಅಪ್ಪ.

ಹಲ್ಲು ಕಿರಿದವನು ಬಾಯಿ ಮುಚ್ಚಿಕೊಂಡ. ಅವಳ ಕಣ್ಣು ತುಂಬಿತು. ಒರೆಸಿಕೊಳ್ಳಲಿಲ್ಲ.

"ನಿಮ್ಮನ್ನ ಅಪ್ಪನಿಗೆ ಒಪ್ಪಿಸಿದ್ದು ಫೇಲ್ ಆಗ್ತೀರಿ ಅಂತಲ್ಲ," ಎಂದಳು ಅವನ ಹತ್ತಿರ ಹೋಗಿ. "ನಿಮಗೆ ಏನಾದ್ರೂ ಆಗಿಬಿಟ್ರೆ ಅಂತ ಜೀವ ಹೊಡ್ಕೊಳ್ತು. ಬೇರೆ ಯಾರಿಗೂ ಹಾಗೆ ಆಗಿರ್ಲಿಲ್ಲ. ಅಂಥ ಮನಸ್ಸು ಇಟ್ಕೊಂಡು ಪಾಠಕ್ಕೆ ಕೂತ್ರೆ ನಿಮಗೇ ಅಪಾಯ."

ಅವನು ಬೆಪ್ಪಾಗಿ ನಿಂತ. "ಅವತ್ತೇ ಹೇಳಬಹುದಿತ್ತಲ್ಲ."

"ಹೇಳಿದ್ರೆ ರಸ್ತೆ ಬಿಟ್ಟು ನನ್ನೇ ನೋಡ್ತಿದ್ರಿ."

"ಅದನ್ನ ಮೊದಲಿಂದಲೂ ಮಾಡ್ತಿದ್ದೆ." ಅವನ ದನಿ ಇಳಿಯಿತು. "ಸೋತ ಮುಖ ಹೊತ್ಕೊಂಡು ನಿಮ್ಮನ್ನ ಕೇಳಬಾರದು ಅಂತ ಹಟ ಹಿಡಿದಿದ್ದೆ. ಈಗ ಕೇಳ್ತೀನಿ. ನನ್ನ ಮದುವೆ ಆಗ್ತೀರಾ?"

ಅಪ್ಪ ಇದ್ದಕ್ಕಿದ್ದ ಹಾಗೆ ಕಾರಿನ ಟಯರಿನಲ್ಲಿ ಗಾಳಿ ಇದೆಯೇ ಎಂದು ಬಗ್ಗಿ ನೋಡತೊಡಗಿದರು.

"ಆಗ್ತೀನಿ," ಎಂದಳು. ಟಯರಿನ ಹತ್ತಿರ ಬಗ್ಗಿದ್ದವರಿಗೂ ಕೇಳಲಿ ಎಂದು ಇನ್ನೊಮ್ಮೆ ಹೇಳಿದಳು.

ಅವನು ಕೈ ಚಾಚಿದ. ಅವಳು ಹಿಡಿದುಕೊಂಡಳು. ಗೇಟಿನವರೆಗೆ ಹೋಗಬೇಕಾದರೆ ಬೇರೆ ಸ್ಕೂಲಿನವರೆಲ್ಲರ ಮುಂದೆ ಇಡೀ ಮೈದಾನವನ್ನು ಹಾದು ಹೋಗಬೇಕಿತ್ತು. ತಲೆ ಎತ್ತಿ, ಆ ಕೈಯನ್ನು ಬಿಡದೆ, ಅವಳು ಹಾದುಹೋದಳು.