ಕಡಲಿಗೆ ಓಗೊಟ್ಟವನು

“ಸಂಜೆ ಹೊತ್ತು ಕಡಲ ಕಡೆಯಿಂದ ಯಾರಾದ್ರೂ ಹೆಸರು ಹಿಡಿದು ಕರೆದ್ರೆ ಓಗೊಡಬೇಡಿ ಡಾಕ್ಟ್ರೇ. ಯಾರ ದನಿಯಾದ್ರೂ ಸರಿ.”

ಬಾಡಿಗೆ ಮನೆಯ ಬೀಗದ ಕೈ ಕೊಡುತ್ತ ಮುದುಕಿ ಆಗತೀನಾ ಹೇಳಿದ ಮೊದಲ ಮಾತೇ ಇದು. ಕೊರ್ರಾದೋ ನಕ್ಕುಬಿಟ್ಟ. ಅವನು ಡಾಕ್ಟರೂ ಅಲ್ಲ, ದೂರದ ಬೆರ್ಗಮೋ ಪಟ್ಟಣದಲ್ಲಿ ಔಷಧದ ಅಂಗಡಿ ಇಟ್ಟವನು.

“ಮೀನು ಕರೆದ್ರೆ ಏನ್ಮಾಡ್ಲಿ ಅಜ್ಜೀ? ಬಾಣಲೆ ತೋರಿಸ್ಲಾ?”

ಆಗತೀನಾ ನಗಲಿಲ್ಲ. “ಫಿಲುಮೇನಾ ಅಂತ ಒಬ್ಳಿದ್ಲು. ಬಿರುಗಾಳೀಲಿ ಅವಳ ಮಗನ ದೋಣಿ ಆ ಬಂಡೆಗೆ ಬಡೀತು. ಅವನು ಕೂಗಿದ್ದು ಊರಿಗೆಲ್ಲ ಕೇಳಿಸ್ತು. ಯಾರೂ ನೀರಿಗಿಳೀಲಿಲ್ಲ. ಅವಳು ಮಗನ ಅಂಗಿಗೆ ಗಂಟು ಹಾಕಿ, ಗಂಟುಗಂಟಿಗೂ ತುಕ್ಕು ಮೊಳೆ ಚುಚ್ಚಿ, ತನ್ನ ರಕ್ತ ಸವರಿ ಅಲ್ಲೇ ಮುಳುಗಿಸಿದ್ಲು. ‘ನನ್ನ ಮಗನ ಕೂಗು ನಿಮ್ಮ ಕಿವಿಗೆ ಬೀಳಲಿಲ್ಲ. ನಿಮ್ಮ ದನಿ ನಿಮ್ಮ ಮಕ್ಕಳ ಕಿವಿಗೆ ಬೀಳದೆ ಹೋಗ್ಲಿ’ ಅಂದ್ಲು. ಅವತ್ತಿನಿಂದ ಕಡಲು ಹೆಸರು ಹಿಡಿದು ಕರೀತಿದೆ.”

“ಮಗು ಮುಂದೆ ಇದೆಲ್ಲ ಬೇಡ,” ಎಂದ ಕೊರ್ರಾದೋ.

ಚಳಿಗಾಲದಲ್ಲಿ ಹೆಂಡತಿ ಜಿನೆವ್ರಾ ತೀರಿಕೊಂಡ ಮೇಲೆ ಏಳು ವರ್ಷದ ಮಗಳು ನೊಯೆಮಿ ನಕ್ಕಿರಲಿಲ್ಲ. ಅವಳನ್ನು ನಗಿಸಲೆಂದೇ ಈ ರಜೆ. ಇಲ್ಲಿ ಅವಳು ನಕ್ಕಳು. ಸುಟ್ಟ ಮೀನಿನ ಮುಳ್ಳು ಬಿಡಿಸುವುದು ಕಲಿತಳು, ಬೆನ್ನ ಮೇಲೆ ತೇಲುವುದು ಕಲಿತಳು. ಹೊತ್ತು ಮುಳುಗಿದೊಡನೆ ಊರ ಹೆಂಗಸರು ಕಡಲ ಕರೆ ಕೇಳಿಸದಿರಲೆಂದು ಕಿಟಕಿ ಮುಚ್ಚಿ ಪಾತ್ರೆ ಬಡಿಯುತ್ತಿದ್ದರು. ಅದನ್ನು ಕೇಳಿ ಅಪ್ಪ, ಮಗಳು ಇಬ್ಬರೂ ನಗುತ್ತಿದ್ದರು.

ಒಂದು ಸಂಜೆ ನೊಯೆಮಿ ಒಳಗೆ ಕಾಲಿನ ಮರಳು ತೊಳೆಯುತ್ತಿದ್ದಳು. ಕೊರ್ರಾದೋ ಜಗಲಿಯಲ್ಲಿ ಒಬ್ಬನೇ ಇದ್ದ. ಗಾಳಿ ತಟ್ಟನೆ ನಿಂತಿತು. ಕೊಳೆತ ಪಾಚಿಯ ವಾಸನೆ ಮೂಗಿಗೆ ಅಡರಿತು. ಪಾತ್ರೆಗಳ ಸದ್ದು ಎಲ್ಲೋ ದೂರ ಸರಿಯಿತು.

“ಕೊರ್ರಾ...”

ಅವನನ್ನು ಹಾಗೆ ಕರೆಯುತ್ತಿದ್ದವಳು ಒಬ್ಬಳೇ. ಕಾಯಿಲೆ ಸವೆಸುವ ಮುಂಚಿನ ದನಿ, ಮದುವೆಯಾದ ಹೊಸತರ ದನಿ. ಮುದುಕಿಯ ಮಾತು ಅವನಿಗೆ ನೆನಪಿತ್ತು. ಆದರೂ ಗಂಟಲು ತಡೆಯಲಿಲ್ಲ.

“ಜಿನೆವ್ರಾ? ಇಲ್ಲೇ ಇದ್ದೀನಿ ಕಣೇ!”

ಬಾಯಲ್ಲಿ ಉಪ್ಪು ತುಂಬಿತು. ಉಪ್ಪು, ತುಕ್ಕು. ಕಡಲು ಸುಮ್ಮನಾಯಿತು.

ನೊಯೆಮಿ ಹೊರಗೆ ಬಂದಳು. ಅವನು ಅವಳನ್ನು ಕರೆದ. ಅವಳು ಕಿಲಕಿಲ ನಕ್ಕಳು. “ಅಪ್ಪಾ, ಯಾಕೆ ಬರೀ ತುಟಿ ಅಲ್ಲಾಡಿಸ್ತೀಯ?”

ಕೊರ್ರಾದೋ ಕಿರುಚಿದ. ಎದುರು ಮನೆಯ ಕಿಟಕಿ ತೆರೆಯಿತು. ಆಗತೀನಾಗೆ ಕೇಳಿಸಿತ್ತು. ಮಗಳಿಗೆ ಇಲ್ಲ.

“ಓಗೊಟ್ಟೆಯೇನಪ್ಪಾ?” ಮುದುಕಿಯ ದನಿ ನಡುಗುತ್ತಿತ್ತು. “ಹೊರಡು, ಈಗಲೇ ಹೊರಡು! ನಿನ್ನ ದನಿ ಈಗ ಕಡಲಿನ ಕೈಲಿದೆ. ನನ್ನ ಮಗಳು ತೆರೇಸಾನ್ನೂ ಹಿಂಗೇ ಕರ್ಕೊಂಡು ಹೋಯ್ತು, ನನ್ನದೇ ದನೀಲಿ.”

ಕಾರಿನ ಕೀಲಿಗಾಗಿ ಅವನು ಒಳಗೆ ಓಡಿದ. ಹಿಂದಿರುಗುವಷ್ಟರಲ್ಲಿ ಜಗಲಿ ಖಾಲಿ.

ನೊಯೆಮಿ ಸೊಂಟದವರೆಗೆ ನೀರಿನಲ್ಲಿದ್ದಳು. ನಗುತ್ತಿದ್ದಳು. “ಬಂದೆ ಅಪ್ಪಾ!” ಎಂದು ಕತ್ತಲೆಗೆ ಹೇಳುತ್ತಿದ್ದಳು. ಅವನು ಕೂಗಿದ. ಅವಳು ತಿರುಗಲಿಲ್ಲ. ಮತ್ತೆ ಕೂಗಿದ. ಅವಳ ಎದೆ ಮುಳುಗಿತು. ಗಲ್ಲ ಮುಳುಗಿತು. ಅವನು ಹಾರಿದ. ಕತ್ತಲು. ಉಪ್ಪು. ಬೆರಳಿಗೆ ಕೂದಲು ಸಿಕ್ಕಿತು. ಎಳೆದ. ಬರಲಿಲ್ಲ. ಕೆಳಗೆ ಏನೋ ಅವಳ ಕಾಲು ಹಿಡಿದಿತ್ತು. ಬಟ್ಟೆ. ಗಂಟು. ಮೊಳೆ. ಅಂಗೈ ಸೀಳಿತು. ಬಿಡಲಿಲ್ಲ. ಹರಿದ. ಹಲ್ಲು ಕಚ್ಚಿ ಹರಿದ.

ದಡದಲ್ಲಿ ನೊಯೆಮಿ ಕೆಮ್ಮಿದಳು. ಉಸಿರಾಡಿದಳು.

ರಾತ್ರಿಯೇ ಊರು ಬಿಟ್ಟರು. ಬೆರ್ಗಮೋದ ವೈದ್ಯರು ಅವಳ ಕಿವಿ ನೋಡಿ ಏನೂ ತೊಂದರೆಯಿಲ್ಲ ಎಂದರು. ಅವಳಿಗೆ ಎಲ್ಲವೂ ಕೇಳುತ್ತಿತ್ತು, ಪಾರಿವಾಳದ ರೆಕ್ಕೆ ಬಡಿತ ಕೂಡ. ಅಪ್ಪನ ದನಿ ಮಾತ್ರ ಇಲ್ಲ. ಆದರೂ ಕೊರ್ರಾದೋ ದಿನವೂ ಮಲಗುವ ಮುಂಚೆ ಅವಳಿಗೆ ಕತೆ ಹೇಳುತ್ತಿದ್ದ. ಅವಳು ಅವನ ತುಟಿ ನೋಡುತ್ತ ನಿದ್ದೆಹೋಗುತ್ತಿದ್ದಳು.

ಒಮ್ಮೆ ನಿದ್ದೆಹೋಗಲಿಲ್ಲ. ಅವನ ತುಟಿಯ ಮೇಲೆ ಬೆರಳಿಟ್ಟಳು.

“ಅಪ್ಪಾ, ಮತ್ತೆ ಆ ಊರಿಗೆ ಹೋಗೋಣ. ಅಲ್ಲಿ ನೀನು ಎಷ್ಟು ಚೆನ್ನಾಗಿ ಮಾತಾಡ್ತಿದ್ದೆ. ‘ಬಾ ಪುಟ್ಟೀ, ಅಮ್ಮನೂ ಇಲ್ಲೇ ಇದ್ದಾಳೆ’ ಅಂತಿದ್ದೆ.”

“ಬೇಡ!” ಕೊರ್ರಾದೋ ಚೀರಿದ. “ಬೇಡ ಕಂದಾ, ಅದು ನಾನಲ್ಲ!”

ಪಕ್ಕದ ಮನೆಯ ದೀಪ ಹತ್ತಿತು. ನೊಯೆಮಿ ಅವನ ಮುಖವನ್ನೇ ನೋಡುತ್ತ, ಉತ್ತರಕ್ಕೆ ಕಾದಳು.